ಸೀಡಿ ಪ್ಲೇಯರಿನ ಹೊಟ್ಟೆಗೆ ಹೋದ ನಿಂಬೆ ಹೋಳು

ಆಯುಧಪೂಜೆಯ ದಿನ ಕೊಟ್ರಪ್ಪ ಲೇತು, ಡ್ರಿಲ್ಲುಗಳಿಗೆ ಕುಂಕುಮ ಹಚ್ಚಿ ಸುಮ್ಮನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಭಕ್ತಿ ಜಾಸ್ತಿಯಾಗಿ ಯಜಮಾನರ ಕ್ಯಾಬಿನ್ನಿಗೂ ನುಗ್ಗಿದ. ಪೀಣ್ಯದ ಆ ವರ್ಕ್‌ಶಾಪಿಗೆ ಅವನಿನ್ನೂ ಹೊಸಬ. ಕೆಲಸ ಖಾಯಮ್ಮಿನ ಮಾತು ಪೂಜೆ ಆದಮೇಲೆ ಎಂದಿದ್ದರು ಯಜಮಾನ ದೊಡ್ಡಮುನಿಯಪ್ಪ. ಖಾಯಮ್ಮಾದರೆ ಬಾಗಲಗುಂಟೆಯಲ್ಲಿ ಮನೆ ಹಿಡಿದು ಹೆಂಡತಿಯನ್ನು ಕರೆಸಿಕೊಳ್ಳಬಹುದು.

ಕ್ಯಾಬಿನ್ನಿನಲ್ಲಿ ಜಪಾನಿನ ಹಳೇ ಸೀಡಿ ಪ್ಲೇಯರ್. ಬೆಳ್ಳಿ ಬಣ್ಣದ ಮೈ, ಎರಡೂ ಪಕ್ಕ ಮರದ ಹಲಗೆ, ಎತ್ತಿದರೆ ರುಬ್ಬುಗುಂಡಿನ ಭಾರ. ಒರೆಸುವಾಗ ಗುಂಡಿ ಒತ್ತಿಹೋಗಿ, ಹಸಿರು ಅಂಕಿ ಬೆಳಗಿ, ತಟ್ಟೆ ಮೆಲ್ಲಗೆ ಹೊರಬಂತು. ತಿರುಗುವುದೆಲ್ಲ ಚಕ್ರವೇ ತಾನೇ, ಚಕ್ರಕ್ಕೆ ನಿಂಬೆಹಣ್ಣು ಬೇಡವೇ? ಪುಣ್ಯಾತ್ಮ ಕುಂಕುಮ ಸವರಿದ ಒಂದು ಹೋಳು ಇಟ್ಟ. ಬೆರಳು ತಾಕಿದ್ದೇ ತಡ, ತಟ್ಟೆ ಹೋಳಿನ ಸಮೇತ ಒಳಗೆ ಹೋಯಿತು. ಆಮೇಲೆ ಯಾವ ಗುಂಡಿ ಒತ್ತಿದರೂ ಬರಲಿಲ್ಲ.

ಬಾಗಿಲಲ್ಲಿ ವಾಚ್‌ಮನ್ ನಲ್ಲಪ್ಪ. "ಅದ್ನ ಮುಟ್ಟಿದ್ಯೇನೋ? ಅದ್ರ ಮೇಲೆ ಟೀ ಲೋಟ ಇಟ್ಟೋನು ಈಗ ಜಿಗಣೀಲಿ ಕೆಲಸ ಹುಡುಕ್ತಾವ್ನೆ."

ಕೊಟ್ರಪ್ಪ ಮತ್ತೆ ಗುಂಡಿಗಳನ್ನು ಒತ್ತತೊಡಗಿದ. ಅಷ್ಟರಲ್ಲಿ ಲೆಕ್ಕ ಬರೆಯುವ ಶೈಲಶ್ರೀ ಇಣುಕಿದಳು.

"ಏನಾದ್ರೂ ಆಗಿರ್ಲಿ, ಬಿಚ್ಚೋಕೆ ಮಾತ್ರ ಹೋಗ್ಬೇಡಿ. ಹೆಂಗಿದ್ಯೋ ಹಂಗೇ ಇರ್ಲಿ."

ಯಜಮಾನರಿಗೆ ಹಿಡಿದುಕೊಡಲೆಂದೇ ಹೀಗನ್ನುತ್ತಿದ್ದಾಳೆ! ಅವಳು ಅತ್ತ ಹೋದದ್ದೇ ಬಾಗಿಲು ಹಾಕಿ, ಪ್ಲೇಯರನ್ನು ಬೋರಲು ಹಾಕಿದ. ತಳದಲ್ಲಿ ಕೆಂಪು ಬಣ್ಣದ ಒಂದು ಸ್ಕ್ರೂ. ಬಿಚ್ಚಿ ಜೇಬಿಗೆ ಹಾಕಿಕೊಂಡ. ಪ್ಲೇಯರನ್ನು ನೆಟ್ಟಗಿಟ್ಟು, ಸಂದಿಗೆ ಸ್ಕೇಲು ತೂರಿಸಿ ಎಳೆದಾಗ ತಟ್ಟೆ ಬಂತು, ಹೋಳೂ ಬಂತು. ಒಳಗೆಲ್ಲ ಒರೆಸಿ ಮುಚ್ಚುವಷ್ಟರಲ್ಲಿ ಯಜಮಾನರ ಕಾರು ಬಂದೇಬಿಟ್ಟಿತು. ಸ್ಕ್ರೂ ಜೇಬಿನಲ್ಲೇ ಉಳಿಯಿತು.

ಪೂಜೆ ಮುಗಿಸಿ ದೊಡ್ಡಮುನಿಯಪ್ಪ ಎಲ್ಲರನ್ನೂ ಕ್ಯಾಬಿನ್ನಿಗೆ ಕರೆದರು. ಕೊಟ್ರಪ್ಪ ಎಲ್ಲರ ಹಿಂದೆ ಹೋಗಿ ನಿಂತ.

"ಇದು ಕೆಟ್ಟೋಗಿ ವರ್ಸಗಳೇ ಆದ್ವು. ಆದ್ರೂ ಅಬ್ಬದ ದಿನ ಒಂದ್ಸಲ ಆಕಿ ನೋಡ್ತೀನಿ," ಎಂದು ಸೀಡಿ ಇಟ್ಟರು.

ಕೆಟ್ಟಿತ್ತಾ? ಕೊಟ್ರಪ್ಪನಿಗೆ ಹೋದ ಜೀವ ಬಂತು.

ಪ್ಲೇಯರ್ ಹಾಡಿತು. ದೊಡ್ಡಮುನಿಯಪ್ಪನವರದೇ ಕಂಠ, ಸ್ವಂತ ಖರ್ಚಿನಲ್ಲಿ ಹಾಡಿ ರೆಕಾರ್ಡ್ ಮಾಡಿಸಿಕೊಂಡ ಭಜನೆ. ಶ್ರುತಿ ಒಂದು ಕಡೆ, ತಾಳ ಒಂದು ಕಡೆ.

"ಯಾರಯ್ಯ ರಿಪೇರಿ ಮಾಡಿದ್ದು?"

"ನಾನೇ ಯಜಮಾನ್ರೇ," ಕೊಟ್ರಪ್ಪ ಎದೆಯುಬ್ಬಿಸಿದ.

"ನಿನ್ ಕೆಲ್ಸ ಖಾಯಂ ಕಣ್ಲಾ. ಇನ್ಮೇಲೆ ದಿನಾ ಊಟದೊತ್ನಲ್ಲಿ ನೀನೇ ಆಕ್ಬೇಕು. ಎಲ್ರೂ ಕೂತು ಕೇಳ್ಲಿ." ಕಣ್ಣೊರೆಸಿಕೊಳ್ಳುತ್ತಾ ಅವರು ಇನ್ನೊಂದು ಸೀಡಿ ತರಲು ಕಾರಿನತ್ತ ಹೋದರು.

ಶೈಲಶ್ರೀ ಹತ್ತಿರ ಬಂದಳು.

"ಸಾಗಿಸೋವಾಗ ಒಳಗಿಂದು ಅಲುಗಾಡ್ಬಾರ್ದು ಅಂತ ಬಿಗಿಯೋ ಸ್ಕ್ರೂ ಕಣ್ರೀ ನೀವು ಬಿಚ್ಚಿದ್ದು. ಬಿಗಿದ್ರೆ ಹಾಡಲ್ಲ. ನಾವೆಲ್ಲ ಸೇರೇ ಬಿಗಿದಿದ್ವಿ."

ಕೊಟ್ರಪ್ಪ ಮೆಲ್ಲಗೆ ತಿರುಗಿದ. ಪೂಜೆ ಮಾಡಿಸಿಕೊಂಡ ಸ್ಪ್ಯಾನರು, ಸುತ್ತಿಗೆಗಳನ್ನು ಹಿಡಿದ ಅಷ್ಟೂ ಜನ ಅವನನ್ನೇ ನೋಡುತ್ತಿದ್ದರು. ನಲ್ಲಪ್ಪ ಒಳಗಿನಿಂದ ಬಾಗಿಲ ಚಿಲಕ ಹಾಕಿದ.