ಕಾಕಾನ ಕಾರು ನಿಲ್ಲಲು ಕಲಿತದ್ದು

ಕೀಂಯ್... ಆಮೇಲೆ ಒಂದು ಧಡ್! ಅದರ ಬೆನ್ನಿಗೇ ನಮ್ಮ ಕಾಕಾನ ದನಿ: “ಏನೂ ಆಗಿಲ್ಲ, ಏನೂ ಆಗಿಲ್ಲ!”

ನಾನು ಚಿಕ್ಕವಳಿದ್ದಾಗಿನ ಹುಮನಾಬಾದ್ ಎಂದರೆ ನನ್ನ ಕಿವಿಗೆ ಇವತ್ತಿಗೂ ಈ ಮೂರು ಸದ್ದುಗಳೇ. ಜಗತ್ತಿನಲ್ಲಿ ಎಲ್ಲರೂ ಕಾರಿನ ಓಟಕ್ಕೆ ಮರುಳಾಗುತ್ತಾರೆ. ಅದನ್ನು ನಿಲ್ಲಿಸುವುದಕ್ಕಾಗಿ ಒಂಬತ್ತು ವರ್ಷ ಒದ್ದಾಡಿದ ಮನುಷ್ಯ, ನನಗೆ ಗೊತ್ತಿದ್ದ ಮಟ್ಟಿಗೆ, ನನ್ನ ತಂದೆಯ ತಮ್ಮನೊಬ್ಬನೇ!

ಮೂವತ್ತರ ದಶಕದ ಮಾತು. ಮನೆಯಲ್ಲಿ ಜೋಳ, ತೊಗರಿ ಬೆಳೆಯುವ ಹೊಲ ಸಾಕಷ್ಟಿತ್ತು. ಹಾಗಾಗಿ ಕಾಕಾನ ತಲೆಗೆ ಬಿಡುವೂ ಸಾಕಷ್ಟಿತ್ತು. ಹೈದರಾಬಾದಿನ ಜಾಗೀರದಾರರೊಬ್ಬರ ಮಗನಿಗೆ ಬೇಸರ ಬಂದಿದ್ದ ಟು-ಸೀಟರ್ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದ. ಹಸಿರು ಬಣ್ಣ, ಮಿಡತೆಯಂಥ ಉದ್ದ ಮೂತಿ. ಓಟದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ನಿಲ್ಲುವ ವಿಷಯದಲ್ಲಿ ಮಾತ್ರ ಅದರ ಕ್ಯಾರೆಕ್ಟರ್ ಸ್ವಲ್ಪ ವೀಕು!

ಇದು ಗೊತ್ತಾದದ್ದು ಮದುವೆಯಾದ ಹೊಸತರಲ್ಲಿ, ಅವನ ಹೆಂಡತಿ, ಅಂದರೆ ನಮ್ಮ ಕಾಕುವನ್ನು ತವರಿನಿಂದ ಕರೆತರುವಾಗ. ಅವಳ ತವರು ಬಸವಕಲ್ಯಾಣ. ಆಗ ನಮ್ಮೆಲ್ಲರ ಬಾಯಲ್ಲಿ ಬರೀ ಕಲ್ಯಾಣಿ. ಅಲ್ಲಿಂದ ಗಾಳಿಯಂತೆ ಬಂದ ಕಾರು ನಮ್ಮ ಬಜಾರಿನಲ್ಲೂ ಗಾಳಿಯಂತೆಯೇ ನುಗ್ಗಿ, ಒಣಮೆಣಸಿನಕಾಯಿ ರಾಶಿಯಲ್ಲಿ ಮೂತಿ ಹುಗಿದು ನಿಂತಿತು. ಇಡೀ ಬಜಾರು ಸೀನಿತು. ಕಾಕು ಇಳಿದಳು, ಏಳು ಸಲ ಸೀನಿದಳು, ಸೆರಗು ಸರಿಮಾಡಿಕೊಂಡು ಮನೆಗೆ ನಡೆದೇ ಹೋದಳು. ಹೊಸ್ತಿಲಲ್ಲಿ ನಿಂತು ತೀರ್ಪು ಕೊಟ್ಟಳು:

“ಓಡೂದು ಎತ್ತಿಗೂ ಬರ್ತದ್ರಿ. ಮೊದ್ಲ ಅದಕ್ಕ ನಿಲ್ಲೂದು ಕಲಿಸ್ರಿ. ಅಲ್ಲೀತನ ನಾ ಕೂಡಂಗಿಲ್ಲ.”

ಹೊಸ ಕಾರು, ಹೊಸ ಹೆಂಡತಿ, ಪಕ್ಕದ ಸೀಟು ಖಾಲಿ! ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಊರವರ ಮುಂದೆ ಕಾಕಾ, “ರೇಸಿಗಿ ತಯಾರಿ ನಡಸೀನಿ” ಎಂದು ಮೀಸೆ ತಿರುವಿದ. ಅವನು ಗೆಲ್ಲಬೇಕಾಗಿದ್ದದ್ದು ಯಾರನ್ನು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಬೇಸಿಗೆಯಲ್ಲಿ ಕಲ್ಯಾಣಿಯ ಕೆರೆ ಬತ್ತಿದಾಗ ಅದರ ಅಂಗಳದಲ್ಲಿ ಸುಣ್ಣದಿಂದ ದೊಡ್ಡ ಸುತ್ತು ಬರೆಸಿದ. ಅದೇ ಅವನ ರೇಸ್ ಟ್ರ್ಯಾಕ್! ಒಂದು ಕಡೆ ಅಡ್ಡಗೆರೆ. ಶರವೇಗದಲ್ಲಿ ಬಂದು ಅದರ ಮೇಲೆ ನಿಲ್ಲಬೇಕು. ಆದರೆ ಚಕ್ರದೊಳಗಿನ ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಲೈನಿಂಗು ಸವೆದು ಹಪ್ಪಳವಾಗಿತ್ತು. ಮುಂಬೈಯಿಂದ ಹೊಸದು ಬರಲು ತಿಂಗಳುಗಳು ಬೇಕು. ಕಾಕಾನಿಗೆ ಅಷ್ಟು ತಾಳ್ಮೆಯೇ? ನಮ್ಮೂರಲ್ಲಿ ಕಾಲಿಗೆ ಚಪ್ಪಲಿ, ಬಾವಿ ನೀರೆತ್ತಲು ತೊಗಲಿನ ಚೀಲ ಹೊಲಿಯುವ ಅಜ್ಜನೊಬ್ಬನಿದ್ದ. ಅವನ ಚೀಲದಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಅವನಿಂದ ಎಮ್ಮೆಯ ತೊಗಲಿನ ಪಟ್ಟಿಗಳನ್ನು ಕೊಯ್ಯಿಸಿ ಚಕ್ರಕ್ಕೆ ಕೂಡಿಸಿದ.

ಮಾವನ ಮನೆಯವರೆಲ್ಲ ಕೆರೆಯ ಏರಿಯ ಮೇಲೆ ಸಾಲಾಗಿ ಕುಳಿತಿದ್ದರು. ಕಾರು ಬಂತು. ಗೆರೆ ದಾಟಿತು. ಸುತ್ತನ್ನೂ ದಾಟಿತು. ಮಾವನವರು ಧೋತರ ಎತ್ತಿ ಓಡಿದರು. ಅವರು ಕುಳಿತಿದ್ದ ಏರಿಯನ್ನು ಅರ್ಧ ಹತ್ತಿ ಅದು ದಣಿದು ತಾನೇ ನಿಂತಿತು!

ಕಾಕಾ ನೇರ ಅಜ್ಜನ ಮುಂದೆ ಹಾಜರು.

“ಏನ್ ಹಚ್ಚೀಯಪ್ಪಾ ತೊಗಲಿಗಿ?”

“ಕುಸುಬಿ ಎಣ್ಣಿರಿ ಧಣೇರ. ಎರಡ್ ದಿನ ನೆನೆ ಹಾಕೇನಿ. ಎಣ್ಣಿ ಕುಡೀಲಾರದ ತೊಗಲು ಒಡೀತದ್ರಿ.”

“ಎಣ್ಣಿ ಹಚ್ಚಿದ್ರ ಅದು ಜಾರ್ತದಲ್ಲೋ! ಗಾಡಿ ಹ್ಯಾಂಗ ನಿಲ್ಬೇಕು?”

“ನಿಲ್ಲಸಾಕ ಅಂತ ನೀವು ಹೇಳ್ಬೇಕಿತ್ತಲ್ರಿ! ಇಲ್ಲೀತನ ಬಂದವ್ರೆಲ್ಲಾ ನಡ್ಯಾಕ ಅಂತ ಮಾಡಿಸ್ಕೊಂಡ್ ಹೋಗ್ಯಾರ.”

ಮುಂಬೈಯ ಲೈನಿಂಗು ಬಂತು. ಐದು ಸುತ್ತು ಸೊಗಸಾಗಿ ನಿಂತಿತು; ಆರನೆಯ ಸುತ್ತಿಗೆ ಚಕ್ರಗಳಿಂದ ಹೊಗೆ. ಬಿಸಿಯಾದರೆ ಬ್ರೇಕಿನ ಹಿಡಿತ ಸೊರಗುತ್ತದೆಯಂತೆ. ಕಾಕಾ ಮುರಿದುಬಿದ್ದ ಭಾರಿ ಕಾರೊಂದರಿಂದ ದೊಡ್ಡ ಡ್ರಮ್ಮುಗಳನ್ನು ತಂದು ಹಾಕಿದ. ಗಾಳಿಯಾಡಲೆಂದು ಅವುಗಳ ಹಿಂದಿನ ತಗಡಿಗೆ ಸಾಲುಸಾಲು ತೂತು ಕೊರೆದ. ಕಾಕು ಒಂದು ತಗಡನ್ನೆತ್ತಿ ಬೆಳಕಿಗೆ ಹಿಡಿದಳು.

“ಚೊಲೋ ಆತು ಬಿಡ್ರಿ. ಹಬ್ಬಕ್ಕ ಬುಂದಿ ಕರ್ಯಾಕ ಝಾರಾ ಇರಲಿಲ್ಲ.”

ಈಗ ಕಾರು ನಿಂತಿತು. ಅಬ್ಬಾ, ಹೇಗೆ ನಿಂತಿತೆಂದರೆ, ಕಾಕಾನ ತಲೆಯ ರುಮಾಲು ಮಾತ್ರ ನಿಲ್ಲದೆ ಮುಂದೆ ಹೋಯಿತು! ನಮ್ಮ ಕಾನ್ವೆಂಟಿನ ಸಿಸ್ಟರ್ ಮೊಮೆಂಟಮ್ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದುದು ನನಗೆ ಅರ್ಥವಾದದ್ದೇ ಅವತ್ತು. ಕಾಕು ಹೊಸ ಷರತ್ತು ಹಾಕಿದಳು: ತುಂಬಿದ ತಂಬಿಗೆ ಮಜ್ಜಿಗೆ ತುಳುಕಬಾರದು. ರಜೆಗೆ ಬಂದ ನಾನೇ ತಂಬಿಗೆ ಹಿಡಿಯುವ ಅಫಿಶಿಯಲ್! ನನ್ನ ಎಷ್ಟು ಫ್ರಾಕುಗಳು ಮಜ್ಜಿಗೆ ಕುಡಿದವೋ ಲೆಕ್ಕವಿಲ್ಲ. ಕಾಕಾ ಮಣ್ಣಿನಲ್ಲಿ ಅಂಗಾತ ಮಲಗಿ, ಬ್ರೇಕಿನ ತಂತಿಗಳನ್ನು ತಂಬೂರಿಯವನಂತೆ ಕೂದಲೆಳೆಯಷ್ಟು ಬಿಗಿದು, ಕೂದಲೆಳೆಯಷ್ಟು ಸಡಿಲಿಸಿ ಮೂರು ಬೇಸಿಗೆ ಕಳೆದ. ಕೊನೆಗೊಂದು ದಿನ ಕಾರು ಗೆರೆಯ ಮೇಲೆ ಬೆಕ್ಕು ಕೂತಂತೆ ಕೂತಿತು. ಒಂದು ಹನಿಯೂ ತುಳುಕಲಿಲ್ಲ. ತವರುಮನೆಯ ಬಾಗಿಲಲ್ಲಿದ್ದ ಕಾಕುವಿಗೆ ಓಡಿಹೋಗಿ ತೋರಿಸಿದೆ.

“ಮಜ್ಜಿಗಿ ಕೂತ್ತು, ಖರೇ. ನಾ ಏನ್ ಮಜ್ಜಿಗಿ ಏನ್ರಿ?” ಎಂದು ಅವಳು ಒಳಗೆ ಹೋದಳು. ಪೂರ್ ಕಾಕಾ!

ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಬಂತು. ಕಾರು ಕೌದಿ ಹೊದ್ದು ಮಲಗಿತು. ಕಾಕಾ ಮಾತ್ರ ವಾರಕ್ಕೊಮ್ಮೆ ಕೌದಿ ತೆಗೆದು ಬ್ರೇಕು ಬಿಗಿಯುತ್ತಲೇ ಇದ್ದ. ಓಡದ ಕಾರಿಗೆ ಬ್ರೇಕು! ಊರು ನಕ್ಕಿತು, ನಾನೂ ನಕ್ಕೆ.

ನನ್ನ ಶಾಲೆ ಮುಗಿದ ವರ್ಷ ಕಾಕುವಿಗೆ ಜ್ವರ ಹಿಡಿಯಿತು. ಇಪ್ಪತ್ತು ದಿನ ಬಿಡಲಿಲ್ಲ. ಹೈದರಾಬಾದಿನ ಆಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ರೈಲಿನವರೆಗೆ ಒಯ್ಯಲೆಂದು ಎಲ್ಲರೂ ಬಂಡಿಗೆ ಹಾಸಿಗೆ ಹಾಸುತ್ತಿದ್ದಾಗ ಕಾಕು ಗೋಡೆ ಹಿಡಿದು ಎದ್ದು ನಿಂತಳು.

“ಬಂಡಿ ಬ್ಯಾಡ. ಕಾರ್ ತೆಗೀರಿ.”

ಕಾಕಾ ಕೂಡಿಟ್ಟಿದ್ದ ಪೆಟ್ರೋಲನ್ನೆಲ್ಲ ಸುರಿದ. ಅವಳನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂಡಿಸಿ, ಶಾಲು ಹೊದಿಸಿದ. ಕಾರು ಹೊರಟಿತು. ಬಜಾರಿನಲ್ಲಿ ಜನ ಎದ್ದು ನಿಂತು ನೋಡಿದರು. ನಾನು ಕಾಕುವಿನ ಬಾಗಿಲಿನ ಮೇಲೆ ಕೈಯಿಟ್ಟು ಜೊತೆಗೇ ನಡೆದೆ, ಓಡಬೇಕಾಗಲೇ ಇಲ್ಲ. ಕಾಕಾನ ಕಾಲು ಬ್ರೇಕಿನ ಮೇಲಿಂದ ಏಳಲೊಲ್ಲದು.

“ಯಾಕ ಇಷ್ಟ್ ಹಗೂರ ಹೊಡ್ಯಾಕತ್ತೀರಿ?” ಎಂದಳು ಕಾಕು, ಕಣ್ಣು ಮುಚ್ಚಿಕೊಂಡೇ. “ಜೋರ್ ಹೊಡೀರಿ. ಈಗ ನಿಲ್ತದಲ್ಲಾ.”

ಆದರೂ ಊರ ಕೊನೆಯ ಬೇವಿನ ಮರದವರೆಗೂ ಕಾರು ನನ್ನ ಹೆಜ್ಜೆಯ ವೇಗದಲ್ಲೇ ಬಂತು. ಅಲ್ಲಿ ಕಾಕು ನನ್ನ ಕೈಯನ್ನು ಬಾಗಿಲಿನಿಂದ ಮೆಲ್ಲಗೆ ಬಿಡಿಸಿ, “ಹೋಗವ್ವಾ, ಬಿಸಲ ಅದ” ಎಂದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.