ವಾಗೀಶನ ಮೂವತ್ತು ದಿನದ ಅಂದಾಜು

ಪುಸ್ತಕ ಬರೆಯಲು ಎಷ್ಟು ದಿನ ಬೇಕು ಎಂದು ಬರೆಯುವುದಕ್ಕೆ ಮುಂಚೆಯೇ ಹೇಳಬೇಕಂತೆ! ಇಂಥ ಅನ್ಯಾಯ ಭೂಮಂಡಲದಲ್ಲಿ ಬೇರೆ ಯಾವ ಬರಹಗಾರನಿಗೂ ಆಗಿಲ್ಲ ಎಂಬುದು ವಾಗೀಶನ ಅಳಲು. ಅವನು ಬರೆಯುವುದು ಕಥೆ ಕಾದಂಬರಿಯಲ್ಲ. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾಗುವ ಯಂತ್ರಗಳ ಕೈಪಿಡಿ. ಯಾವ ಗುಂಡಿ ಒತ್ತಬೇಕು, ಎಲ್ಲಿ ಕೈ ಹಾಕಬಾರದು, ಹಾಕಿದರೆ ಯಾರಿಗೆ ಫೋನ್ ಮಾಡಬೇಕು (ಇನ್ನೊಂದು ಕೈಯಿಂದ) ಎಂಬ ಮಹಾಕಾವ್ಯ.

ಬೈದುಕೊಂಡರೂ ಅಂದಾಜು ಹಾಕುವುದರಲ್ಲಿ ಅವನು ಗಟ್ಟಿಗ. ಪುಟ ಬರೆಯಲು ಎರಡು ಗಂಟೆ, ತಿದ್ದಲು ಅರ್ಧ ಗಂಟೆ, ಅನುಮಾನ ಕೇಳಲು ಎಂಜಿನಿಯರ್ ರುದ್ರಸ್ವಾಮಿಯನ್ನು ಹುಡುಕಲು ಮೂರು ದಿನ. ಎಲ್ಲ ಕೂಡಿ, ಮೇಲೆ ಒಂದು ವಾರ ಸೇರಿಸಿ ಅವನು ಹೇಳಿದ ಲೆಕ್ಕ ಎಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಹಿಟ್ಟು ತುಂಬುವ ಹೊಸ ಯಂತ್ರಕ್ಕೆ ನೂರಿಪ್ಪತ್ತು ಪುಟ, ಮಾಮೂಲಿ ಲೆಕ್ಕದಲ್ಲಿ ನಲವತ್ತೈದು ದಿನ. ಅದೇ ಹೊತ್ತಿಗೆ, ಕೈಹಿಡಿದು ಆರೇ ವಾರವಾಗಿದ್ದ ಹೆಂಡತಿ ಅಕ್ಷತಾ, "ಅಮ್ಮನ ಕಾಲು ಉಳುಕಿದೆಯಂತೆ ರೀ, ನಾಲ್ಕು ದಿನ ಇದ್ದು ಬರ್ತೀನಿ" ಎಂದು ಕುಂಬಾರಕೊಪ್ಪಲಿನ ತವರಿಗೆ ಹೊರಟಳು. ವಾಗೀಶ ಗೋಡೆಯ ಕ್ಯಾಲೆಂಡರ್ ನೋಡಿದ. ಮಾರನೆಯ ದಿನದಿಂದಲೇ ಆಷಾಢ! ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಲ್ಲಿರಬೇಕು, ಅಳಿಯ ಅತ್ತೆಯ ಮನೆ ಹೊಸಿಲು ತುಳಿಯಬಾರದು. ಪಾಪ, ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಕಾಲಿನ ನೆಪ ಹೇಳುತ್ತಿದ್ದಾಳೆ ಎಂದು ಅವನಿಗೆ ಅಕ್ಕರೆ ಉಕ್ಕಿತು.

"ಎಷ್ಟು ದಿನ ಬೇಕು ಕಣ್ರೀ?" ಎಂದರು ಮ್ಯಾನೇಜರ್ ಮಹದೇವಪ್ರಸಾದ್.

"ಮೂವತ್ತು ದಿನ ಸಾರ್. ಮುಗಿದ ಮಾರನೇ ದಿನದಿಂದ ಹತ್ತು ದಿನ ರಜ ಕೊಡ್ಬೇಕು."

"ಕೊಟ್ಟೆ. ಒಂದಿನ ತಡ ಆದ್ರೂ ರಜ ಇಲ್ಲ, ನೋಡಿ ಮತ್ತೆ."

ಆ ಹತ್ತು ದಿನದ ಮೇಲೆಯೇ ವಾಗೀಶನ ಜೀವ. ಶ್ರಾವಣದ ಮೊದಲ ಬೆಳಗ್ಗೆ ಅವಳನ್ನು ಕರೆತರಬೇಕು, ಹತ್ತು ದಿನ ಮನೆಬಿಟ್ಟು ಕದಲಬಾರದು. ಮನೆಯೋ ಬಿಕೋ ಎನ್ನುತ್ತಿತ್ತು. ಬೆಳಗ್ಗೆ ಮರೆತು ಎರಡು ಲೋಟ ಕಾಫಿ ಬೆರೆಸುತ್ತಿದ್ದ, ಎರಡನ್ನೂ ಕುಡಿದು ಇನ್ನಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದ. ಕಿಟಕಿಯ ಮೇಲೆ ಅವಳು ಬಿಟ್ಟುಹೋದ ಹೇರ್‌ಪಿನ್ನನ್ನು ಎತ್ತಿಡಲು ಮನಸ್ಸೇ ಬರಲಿಲ್ಲ. ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಹೆಂಡತಿಗಾಗಿ ಮನುಷ್ಯ ಇಷ್ಟೊಂದು ಕೊರಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಐದನೇ ದಿನ ಅಕ್ಷತಾ ಫೋನ್ ಮಾಡಿದಳು. "ಅಮ್ಮ ಭಾನುವಾರ ಊಟಕ್ಕೆ ಕರೀತಿದ್ದಾರೆ, ಬನ್ರೀ."

ಅತ್ತೆಯವರು ಅಳಿಯನ ಸಂಯಮ ಪರೀಕ್ಷಿಸುತ್ತಿದ್ದಾರೆ, ಬಿಡುತ್ತಾರೆಯೇ! "ಆಗಲ್ಲ ಕಣೇ, ಇಪ್ಪತ್ತನೇ ಪುಟದಲ್ಲಿದ್ದೀನಿ" ಎಂದ.

ಹತ್ತನೇ ದಿನ: "ಅಮ್ಮನ ಕಾಲು ವಾಸಿಯಾಯ್ತು. ಬಂದು ಕರ್ಕೊಂಡ್ಹೋಗಿ."

"ಈಗೆಲ್ಲಿ? ಶ್ರಾವಣ ಬರ್ಲಿ, ಬರ್ತೀನಿ."

"ಶ್ರಾವಣಕ್ಕಾ? ಅಷ್ಟು ದಿನ ನಾನಿಲ್ದಿದ್ರೂ ನಡಿಯುತ್ತಾ ನಿಮಗೆ?"

ನಡೆಯುವುದಿಲ್ಲ, ಒಂದು ದಿನವೂ ನಡೆಯುವುದಿಲ್ಲ ಎನ್ನಲು ಬಾಯಿ ತೆರೆದ. ಆದರೆ ಮೂರು ದಿನ ಹುಡುಕಿ ಹಿಡಿದ ರುದ್ರಸ್ವಾಮಿ ಎದುರಿಗೇ ನಿಂತಿದ್ದರು. "ಕೆಲಸ ಮುಗೀಬೇಕಲ್ಲ" ಎಂದುಬಿಟ್ಟ. ಆಮೇಲೆ ಅವಳಾಗಿ ಫೋನ್ ಮಾಡಲಿಲ್ಲ. ಎಷ್ಟು ತಿಳಿವಳಿಕೆಯ ಹುಡುಗಿ, ಕೆಲಸಕ್ಕೆ ತೊಂದರೆ ಕೊಡುತ್ತಿಲ್ಲ ಎಂದು ಇವನು ಮೆಚ್ಚಿಕೊಂಡ!

ಮೂವತ್ತನೇ ದಿನ ಸಂಜೆ ಕೈಪಿಡಿ ಮ್ಯಾನೇಜರ ಮೇಜಿನ ಮೇಲಿತ್ತು. ಮಾರನೆಯ ದಿನ ಶುಕ್ರವಾರ. ವಾಗೀಶ ಹೊಸ ಅಂಗಿ ತೊಟ್ಟು, ನಾಲ್ಕು ಮೊಳ ಮಲ್ಲಿಗೆ ಹಿಡಿದು ಹೊರಟ. ದಾರಿಯುದ್ದಕ್ಕೂ ರೇಷ್ಮೆ ಸೀರೆಯ ಹೆಂಗಸರು ಚಾಮುಂಡಿ ಬೆಟ್ಟದ ಬಸ್ಸಿಗೆ ಕಾಯುತ್ತಿದ್ದರು. ಆಷಾಢ ಶುಕ್ರವಾರಗಳು ಮುಗಿದರೂ ಜನಕ್ಕೆ ಏನು ಭಕ್ತಿಯಪ್ಪಾ ಎಂದುಕೊಂಡ.

"ಅಯ್ಯಯ್ಯೋ, ಅಲ್ಲೇ ನಿಂತ್ಕೊಳ್ಳಿ!" ಬಾಗಿಲಲ್ಲಿ ಅತ್ತೆ ಸುಂದರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಇವತ್ತೇ ಆಷಾಢ ಶುರು, ಇವತ್ತೇ ಬಂದ್ಬುಟ್ರಲ್ಲ ಅಳಿಯಂದ್ರೇ!"

"ಶುರುವೇ? ನಿನ್ನೆಗೆ ಮುಗೀತಲ್ಲ ಅತ್ತೆ!"

"ಮುಗಿದದ್ದು ಅಧಿಕ ಆಷಾಢ ಕಣ್ರೀ, ಅದಕ್ಕೆ ಈ ಕಟ್ಟುಪಾಡಿಲ್ಲ. ಅಧಿಕ ಮಾಸದಲ್ಲಿ ಅಳಿಯನಿಗೆ ಬಾಗಿನ ಕೊಡ್ಬೇಕು ಅಂತ ಮೂವತ್ತಮೂರು ಕಜ್ಜಾಯ ಮಾಡಿಟ್ಟು ಕಾದೆ. ನೀವು ಬರ್ಲೇ ಇಲ್ಲ."

ವಾಗೀಶ ಮನೆಯ ಗೋಡೆಯ ಕ್ಯಾಲೆಂಡರನ್ನು ನೆನಪಿಸಿಕೊಂಡ. ಅದರಲ್ಲಿ ಆಷಾಢದ ಪಕ್ಕ ಸಣ್ಣಕ್ಷರದಲ್ಲಿ 'ಅಧಿಕ' ಎಂದಿತ್ತು. ಸಣ್ಣಕ್ಷರ ಓದದ ಗಿರಾಕಿಗಳನ್ನು ಎಂಟು ವರ್ಷ ಬೈದುಕೊಂಡು ಬಂದ ಮಹಾನುಭಾವ ಅದನ್ನು ಓದಿರಲಿಲ್ಲ.

ಕಿಟಕಿಯಲ್ಲಿ ಅಕ್ಷತಾ ಕಾಣಿಸಿದಳು. ಕಣ್ಣು ಕೆಂಪಾಗಿತ್ತು. "ಶ್ರಾವಣದವರೆಗೆ ಅಂದ್ರೆ ಎರಡು ತಿಂಗಳು. ನಿಮಗೆ ನಾನು ಬೇಡ್ವೇನೋ ಅಂದ್ಕೊಂಡೆ."

"ಬೇಡ್ವಾ? ನಿನ್ನ ಕರ್ಕೊಂಡ್ಹೋಗ್ಬೇಕು ಅಂತಲೇ ನಲವತ್ತೈದು ದಿನದ ಕೆಲಸ ಮೂವತ್ತಕ್ಕೆ ಮುಗಿಸಿದ್ದೀನಿ ಕಣೇ! ಆ ಮನೇಲಿ ಒಬ್ಬನಿಗೆ ಇರೋಕೇ ಆಗಲ್ಲ."

ಅವಳು ಅಳುತ್ತಲೇ ನಕ್ಕಳು. ಕಂಬಿಯ ಸಂದಿಯಿಂದ ಕೈ ಚಾಚಿ ಮಲ್ಲಿಗೆ ತೆಗೆದುಕೊಳ್ಳುವಷ್ಟರಲ್ಲಿ ಸುಂದರಮ್ಮ, "ಸಾಕು, ಬೀದಿಯವರೆಲ್ಲ ನೋಡ್ತಾರೆ" ಎಂದು ಕಿಟಕಿ ಮುಚ್ಚಿದರು.

ಮಂಜೂರಾದ ಹತ್ತು ದಿನದ ರಜ ಕೈಯಲ್ಲಿದೆ, ಹೋಗಲು ಜಾಗವಿಲ್ಲ. ವಾಗೀಶ ಎದುರುಮನೆಯ ಜಗಲಿಯ ಮೇಲೆ ಕೂತು ಮುಚ್ಚಿದ ಕಿಟಕಿಯನ್ನೇ ನೋಡತೊಡಗಿದ. ಗಂಟೆ ಕಳೆದರೂ ಏಳದ್ದನ್ನು ಕಂಡು ಆ ಮನೆಯ ಯಜಮಾನ ಕರಿಬಸವಯ್ಯ ಹೊರಗೆ ಬಂದರು.

"ಯಾರಿಗಪ್ಪಾ ಕಾಯ್ತಿದ್ದೀಯ?"

"ನನ್ನ ಹೆಂಡ್ತಿಗೆ."

"ಎಷ್ಟೊತ್ತಿಗೆ ಬತ್ತಾರೆ?"

ವಾಗೀಶ ಬೆರಳು ಮಡಿಸಿ ಲೆಕ್ಕ ಹಾಕಿದ. "ಇನ್ನು ಇಪ್ಪತ್ತೊಂಬತ್ತು ದಿನಕ್ಕೆ."