ಅಲುಗಾಡದ ಮಕ್ಕಳು

ಮಂಚದಿಂದ ನೆಲಕ್ಕೆ ಹಾರುವುದು ಗಡಿಯಾರ ರಿಪೇರಿಯವನ ಅವಳಿ ಹೆಣ್ಣುಮಕ್ಕಳ ಬೆಳಗಿನ ಮೊದಲ ಕೆಲಸ. ಅಂದೂ ಹಾರಿದರು. ಕೆಳಮನೆಯ ಓನರಮ್ಮ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ನೋಡಪ್ಪಾ, ಇವತ್ತು ಇನ್ನೊಂದು ಸಲ ನನ್ನ ತಲೆ ಮೇಲೆ ಧಡ್ ಅಂದ್ರೆ ಮನೆ ಖಾಲಿ ಮಾಡು. ಎಲ್ಲಾದಕ್ಕೂ ಮಕ್ಕಳ ಹೆಸರು ಹೇಳ್ಬೇಡ."

ಹೆಂಡತಿ ಕೆಲಸಕ್ಕೆ ಹೋಗಿಯಾಗಿತ್ತು, ಶಾಲೆಗೆ ರಜೆ. ಚಪ್ಪಲಿ ಸವೆಸಿ ಹುಡುಕಿದ ಮನೆ ಕೈಬಿಟ್ಟರೆ ಹೋಗುವುದೆಲ್ಲಿಗೆ?

ಇನ್ನೊಬ್ಬರ ಮನೆಯ ಕಷ್ಟದ ವಾಸನೆ ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರಿಗೆ ಮೊದಲು ಬಡಿಯುತ್ತದೆ. "ಯೋಗ ಕಲಿಸಿ ಸ್ವಾಮಿ! ಏಕಾಗ್ರತೆ, ಹಸಿವು, ವಿಧೇಯತೆ, ಎಲ್ಲಾ ತಾನಾಗೇ ಬರುತ್ತೆ" ಎಂದವರೇ ಹುಡುಗಿಯರನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಹೊರಬಂದಾಗ ಮೀಸೆಯಡಿ ನಗುತ್ತಿದ್ದರು. "ಶವಾಸನದಲ್ಲಿದಾರೆ. ಎಬ್ಬಿಸ್ಬೇಡಿ."

ಮೊದಮೊದಲು ಸ್ವರ್ಗ. ಆಮೇಲೆ ಗಡಿಯಾರಗಳ ಟಿಕ್ ಟಿಕ್ ನಡುವೆ ಬೇರೇನೋ ಕೇಳಿಸತೊಡಗಿತು. ಉಸಿರು. ಇಬ್ಬರದೂ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ. ಇಣುಕಿದರೆ ಇಬ್ಬರೂ ಅಂಗಾತ, ಹೆಣದ ಹಾಗೆ. ಓನರಮ್ಮನ ಹೆದರಿಕೆಗೆ ಅವನು ಪಿಸುಗುಟ್ಟಿದ: "ಪುಟ್ಟೀ... ಚಿನ್ನೂ..." ಆಮೇಲೆ ಮೆತ್ತಗೆ ತನ್ನ ಕೆಲಸದ ಕುರ್ಚಿಗೆ ಮರಳಿದ.

ಮಧ್ಯಾಹ್ನ ಯಾಕೋ ಬೆನ್ನು ತಣ್ಣಗಾದಂತೆನಿಸಿ ತಿರುಗಿದ. ಕುರ್ಚಿಯ ಹಿಂದೆ ಇಬ್ಬರೂ ನಿಂತಿದ್ದರು. ಹೆಜ್ಜೆ ಸಪ್ಪಳವೇ ಆಗಿರಲಿಲ್ಲ! ತುಟಿಪಿಟಕ್ಕೆನ್ನದೆ ಊಟ ಮಾಡಿದರು, ಒಬ್ಬಳು ಅಗಿದಾಗಲೇ ಇನ್ನೊಬ್ಬಳೂ ಅಗಿದಳು. ತಟ್ಟೆ ತೊಳೆದಿಟ್ಟು ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಪದ್ಮಾಸನ ಹಾಕಿದರು. ತಟ್ಟೆ ತೊಳೆದಿದ್ದು ನೋಡಿ ಅವನು ನಿಜಕ್ಕೂ ಹೆದರಿದ.

ಎದುರುಮನೆ ಕಿಟಕಿಯಿಂದ ಮಾಸ್ತರು ಕೇಳಿದರು, "ಹೇಗಿದಾರೆ?"

"ಉಸಿರಾಡ್ತಿದಾರೆ ಅಷ್ಟೇ ಸಾರ್," ಅವನು ಪಿಸುಗುಟ್ಟಿದ.

"ಮತ್ತೆ? ಯೋಗ ಅಂದ್ರೆ ಅದೇ ಕಣ್ರೀ!"

ಹೊತ್ತು ಮುಳುಗುವಾಗ ಕೋಣೆ ಮಬ್ಬಾಯಿತು. ಆ ಉಸಿರೂ ನಿಂತಿತು, ಇಬ್ಬರದೂ ಒಂದೇ ಸಲ. ಅಯ್ಯೋ ದೇವರೇ! ಬಳಿ ಹೋಗಿ ಮೂಗಿನ ಹತ್ತಿರ ಬೆರಳಿಟ್ಟ. ಗಾಳಿಯಿಲ್ಲ. ಇನ್ನಷ್ಟು ಬಗ್ಗಿದ.

ನಾಲ್ಕೂ ಕಣ್ಣು ಫಕ್ಕನೆ ತೆರೆದವು. ರೆಪ್ಪೆ ಮಿಟುಕಿಸದೆ ಇಬ್ಬರೂ ನಿಧಾನವಾಗಿ ನಕ್ಕರು.

ಅವನು ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದ. ಪಾತ್ರೆ ಸ್ಟ್ಯಾಂಡಿಗೆ ಬೆನ್ನು ಬಡಿಯಿತು. ಕೊಡ, ಕೊಳಗ, ಕುಕ್ಕರು, ಕೊನೆಗೆ ಅವನೂ, ಎಲ್ಲ ಧಡಧಡನೆ ಓನರಮ್ಮನ ತಲೆಯ ಮೇಲಕ್ಕೇ ಉರುಳಿದವು.

ಓನರಮ್ಮ ಬಂದು ಕಣ್ಣರಳಿಸಿದರು. ಮೂಲೆಯಲ್ಲಿ ಕಣ್ಣುಮುಚ್ಚಿ ಕೂತ ಎರಡು ಬಂಗಾರದ ಗೊಂಬೆಗಳು. ಪಾತ್ರೆಗಳ ನಡುವೆ ಕಾಲು ಮೇಲಾಗಿ ಬಿದ್ದಿದ್ದ ಅಪ್ಪ.

"ಓಹೋ! ಇಷ್ಟು ದಿನ ಕುಣೀತಿದ್ದಿದ್ದು ನೀನು! ಪಾಪದ ಮಕ್ಕಳ ತಲೆಗೆ ಕಟ್ತಿದ್ಯಲ್ಲೋ, ನಾಚಿಕೆ ಆಗಲ್ವಾ?"

"ಇಲ್ಲಮ್ಮಾ, ಇವು ಉಸಿರೇ..."

"ಮಾತಾಡ್ಬೇಡ! ಇಂಥ ಮಕ್ಕಳನ್ನ ಬೀದಿಗೆ ಹಾಕೋಕೆ ನಂಗೆ ಮನಸ್ಸಿಲ್ಲ. ತಾಯಿ ಮಕ್ಕಳು ಇಲ್ಲೇ ಇರಲಿ. ಖಾಲಿ ಮಾಡೋದು ನೀನೊಬ್ಬನೇ!"

ಅವರು ಕೆಳಗಿಳಿದು ಬಾಗಿಲು ಹಾಕಿಕೊಂಡದ್ದೇ ತಡ, ಅವಳಿಗಳು ಚಂಗನೆ ಎದ್ದರು.

"ಅಪ್ಪ ಸೋತ್ರು! ಅಪ್ಪ ಸೋತ್ರು! ಮೊದಲು ಸದ್ದು ಮಾಡ್ದೋರು ಸೋತ ಹಾಗೆ ಅಂತ ಮಾಸ್ತರಜ್ಜ ಹೇಳಿದ್ರು!"

ಗೆದ್ದ ಖುಷಿಗೆ ಇಬ್ಬರೂ ಮಂಚ ಹತ್ತಿ ಧಡ್ ಎಂದು ಹಾರಿದರು. ಕೆಳಗಿನಿಂದ ಓನರಮ್ಮನ ಕೂಗು ಕೇಳಿಸಿತು.

"ಇನ್ನೂ ಕುಣೀತಿದೀಯೇನೋ? ಮಕ್ಕಳ ಧ್ಯಾನ ಕೆಡುತ್ತೆ ಕಣೋ, ಈಗಲೇ ಹೊರಡು!"